ಅಂಕವೂ ಅಳತೆಯೂ

ಪರೀಕ್ಷೆಯ ಭಯವನ್ನು ಕಾಣದೆ ಬೆಳೆದವರು ನಮ್ಮಲ್ಲಿ ವಿರಳ. ಫಲಿತಾಂಶದ ಪಟ್ಟಿಯಲ್ಲಿ ಕಂಡ ಅಂಕವನ್ನು ಅಕ್ಕಸಾಲಿಗನ ತಕ್ಕಡಿಯ ತೂಕದಂತೆ ನಂಬಿ ನಾವು ಹಿಗ್ಗಿದ್ದೇವೆ, ಕುಗ್ಗಿದ್ದೇವೆ. ಆ ತಕ್ಕಡಿಯನ್ನೇ ಪರೀಕ್ಷೆಗೆ ಒಡ್ಡಿದವರ ಕಥೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

1888ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ಎಜ್‌ವರ್ತ್ ಪರೀಕ್ಷೆಗಳ ಸಂಖ್ಯಾಶಾಸ್ತ್ರವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಆ ದಿನಗಳಲ್ಲಿ ಅವರು ಎತ್ತಿಕೊಂಡ ಒಂದು ನಿದರ್ಶನ ಸ್ವಾರಸ್ಯವಾದುದು. ಒಂದೇ ಲ್ಯಾಟಿನ್ ಗದ್ಯರಚನೆಯನ್ನು 28 ಮಂದಿ ನುರಿತ ಪರೀಕ್ಷಕರು ತಿದ್ದಿದರು. ಒಬ್ಬರು ಅದಕ್ಕೆ 45 ಅಂಕ ಕೊಟ್ಟರೆ ಮತ್ತೊಬ್ಬರು 100 ಕೊಟ್ಟರು! 1855ರಿಂದ ಇಂಡಿಯನ್ ಸಿವಿಲ್ ಸರ್ವೀಸಿಗೆ ಲಂಡನ್ನಿನ ಸ್ಪರ್ಧಾಪರೀಕ್ಷೆಯ ಮೂಲಕವೇ ಆಯ್ಕೆ ನಡೆಯುತ್ತಿದ್ದ ಕಾಲವದು. ಆಯ್ಕೆಯ ಗೆರೆಯ ಸಮೀಪ ನಿಂತವರ ಭವಿಷ್ಯದಲ್ಲಿ ಆಕಸ್ಮಿಕದ ಪಾಲು ಅಲ್ಪವಲ್ಲವೆಂದು ಎಜ್‌ವರ್ತ್ ಲೆಕ್ಕ ಹಾಕಿ ತೋರಿಸಿದರು.

ತೊಡಕು ಪರೀಕ್ಷಕನದೊಂದೇ ಅಲ್ಲ, ಪ್ರಶ್ನೆಯದೂ ಹೌದು. ಸುಲಭವಾದ ಪತ್ರಿಕೆಯಲ್ಲಿ 70 ಪಡೆದವನು ಜಾಣನೋ, ಕಠಿಣವಾದ ಪತ್ರಿಕೆಯಲ್ಲಿ 50 ಪಡೆದವನೋ? ಇದಕ್ಕೆ ದಾರಿ ತೋರಿದವರಲ್ಲಿ ಡೆನ್ಮಾರ್ಕಿನ ಗಣಿತಜ್ಞ ಗೇಯಾರ್ಗ್ ರಾಶ್ ಪ್ರಮುಖರು. ಓದಿನಲ್ಲಿ ಹಿಂದುಳಿದ ಮಕ್ಕಳು ಗಟ್ಟಿಯಾಗಿ ಓದುವಾಗ ಮಾಡಿದ ತಪ್ಪುಗಳನ್ನು 1950ರ ದಶಕದ ಆರಂಭದಲ್ಲಿ ಅವರು ಪರಿಶೀಲಿಸಿದರು. ಪಾಠದ ಕಾಠಿಣ್ಯವನ್ನೂ ಮಗುವಿನ ಶಕ್ತಿಯನ್ನೂ ಬೇರ್ಪಡಿಸಿ ಅಳೆಯಬಹುದೆಂಬುದು ಅವರಿಗೆ ಹೊಳೆಯಿತು. 1960ರಲ್ಲಿ ಅವರ ಗ್ರಂಥ ಹೊರಬಂತು. ಅವರ ಸೂತ್ರದ ತಿರುಳು ಸರಳ: ವಿದ್ಯಾರ್ಥಿಯ ಶಕ್ತಿಯೂ ಪ್ರಶ್ನೆಯ ಕಾಠಿಣ್ಯವೂ ಒಂದೇ ಅಳತೆಗೋಲಿನ ಮೇಲೆ ನಿಲ್ಲುತ್ತವೆ, ಎರಡೂ ಸಮವಾದಾಗ ಸರಿಯುತ್ತರದ ಸಂಭವ ನೂರಕ್ಕೆ 50, ಶಕ್ತಿ ಒಂದು ಮಾನದಷ್ಟು ಮಿಗಿಲಾದರೆ ಸುಮಾರು 73.

ರಾಶ್ ಅವರ ಮತದಲ್ಲಿ ಎಷ್ಟು ಉತ್ತರ ಸರಿ ಎಂಬ ಎಣಿಕೆಯೇ ಸಾಕು. ಅಮೆರಿಕದ ಆಲನ್ ಬರ್ನ್‌ಬಾಮ್ ಇದನ್ನು ಒಪ್ಪಲಿಲ್ಲ. ಜಾಣರನ್ನೂ ಮಂದರನ್ನೂ ಬೇರ್ಪಡಿಸುವ ಕಸುವು ಎಲ್ಲ ಪ್ರಶ್ನೆಗಳಿಗೂ ಸಮನಾಗಿರದು, ಊಹೆಯಿಂದಲೂ ಉತ್ತರ ಸರಿಯಾಗಬಹುದು ಎಂದು ಅವರು 1968ರಲ್ಲಿ ವಿವರಿಸಿದರು. ಅವರ ಲೆಕ್ಕದಂತೆ, 20 ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ ಇಬ್ಬರು ಬೇರೆ ಬೇರೆ ಸ್ಥಾನ ಪಡೆಯಬಹುದು. ಇದು ಹೆಚ್ಚು ಸೂಕ್ಷ್ಮ, ನಿಜ. ಆದರೆ ಸೋತ ಹುಡುಗನಿಗೆ ಕಾರಣವನ್ನು ತಿಳಿಯಹೇಳುವುದು ಕಷ್ಟ. ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ 2000ದಿಂದ 2012ರವರೆಗೆ ರಾಶ್ ಅವರ ಹಾದಿಯನ್ನು ಹಿಡಿದು, 2015ರಲ್ಲಿ ಬರ್ನ್‌ಬಾಮ್ ಅವರ ಹಾದಿಗೂ ಎಡೆಗೊಟ್ಟಿತು. ವಿವಾದವಿನ್ನೂ ಮುಗಿದಿಲ್ಲ.

1989ರಲ್ಲಿ ಮೈಕಲ್ ಲಿನಕರ್ ರಾಶ್ ಅವರ ಸೂತ್ರಕ್ಕೆ ಪರೀಕ್ಷಕನ ಬಿಗಿತನವನ್ನೂ ಸೇರಿಸಿದರು. ಎಜ್‌ವರ್ತ್ ಅವರ 28 ಪರೀಕ್ಷಕರು ಹೀಗೆ ಒಂದು ಶತಮಾನದ ತರುವಾಯ ಲೆಕ್ಕದೊಳಗೆ ಬಂದರು.

ನಾನು ಮೂರು ದಶಕಗಳ ಕಾಲ ಕನ್ನಡದ ಉತ್ತರಪತ್ರಿಕೆಗಳನ್ನು ತಿದ್ದಿದವನು. ಬಿಗಿ ಕೈಯವನೆಂದು ಹೆಸರಾಗಿದ್ದೆ. ಅದನ್ನು ಗುಣವೆಂದೇ ಎಣಿಸಿದ್ದೆ. ಒಂದೆರಡು ಅಂಕಗಳಿಂದ ನನ್ನ ಕೈಯಲ್ಲಿ ಉಳಿದುಹೋದವರು ಪಕ್ಕದ ಮೇಜಿನ ಮಿತ್ರರ ಕೈಗೆ ಸಿಕ್ಕಿದ್ದರೆ ತೇರ್ಗಡೆಯಾಗುತ್ತಿದ್ದರೇನೋ. ಆ ಹುಡುಗರ ಹೆಸರುಗಳು ನನಗೆ ತಿಳಿಯವು. ಪತ್ರಿಕೆಗಳ ಮೇಲೆ ಇದ್ದುದು ನೋಂದಣಿ ಸಂಖ್ಯೆ ಮಾತ್ರ.