ಬಲೇರ್: ಪುಟ್ಟ ಸುದ್ದಿಯೊಂದು ನಿಲ್ಲಿಸಿದ ಯುದ್ಧ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ವರ್ಗಾವಣೆ ಸುದ್ದಿಗಳನ್ನು ಸಂಬಂಧಪಟ್ಟವರ ಹೊರತು ಬೇರೆ ಯಾರೂ ಓದುವುದಿಲ್ಲ. ಆದರೆ ಅಂಥದೇ ಒಂದು ಪುಟ್ಟ ಸುದ್ದಿ 1899ರಲ್ಲಿ ಯುದ್ಧವೊಂದನ್ನು ನಿಲ್ಲಿಸಿತು. ಗುಂಡು, ಫಿರಂಗಿ, ಹಸಿವು, ರೋಗ ಯಾವುದಕ್ಕೂ ಬಗ್ಗದ ಸೈನಿಕರ ತಂಡವೊಂದು ಆ ಸುದ್ದಿ ಓದಿ ಬಾಗಿಲು ತೆರೆಯಿತು. ಇದು ನಡೆದದ್ದು ಫಿಲಿಪ್ಪೀನ್ಸ್‌ನ ಬಲೇರ್ ಎಂಬ ಕಡಲೂರಿನಲ್ಲಿ.

ಲೂಜಾನ್ ದ್ವೀಪದ ಪೂರ್ವ ಅಂಚಿನಲ್ಲಿ, ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿ ನಿಂತಿರುವ ಊರು ಇದು. ರಾಜಧಾನಿ ಮನಿಲಾದಿಂದ ಸುಮಾರು 230 ಕಿ.ಮೀ. ದೂರ. ನಡುವೆ ಸಿಯೆರಾ ಮಾದ್ರೆ ಪರ್ವತಸಾಲು ಅಡ್ಡಗಟ್ಟಿದೆ. ಬಸ್ಸಿನಲ್ಲಿ ಈಗ ಐದಾರು ಗಂಟೆಯ ಹಾದಿ. ನೂರಿಪ್ಪತ್ತೈದು ವರ್ಷಗಳ ಹಿಂದೆ ಈ ಊರು ಹೊರಜಗತ್ತಿಗೆ ದೂರವೇ ಆಗಿತ್ತು. ಹಿಂದೆ ಬೆಟ್ಟ, ಮುಂದೆ ಕಡಲು. ಬಲೇರ್‌ನ ಇತಿಹಾಸವನ್ನೆಲ್ಲ ರೂಪಿಸಿದ್ದು ಈ ಎರಡೇ.

ಅಲೆ ನುಂಗಿದ ಊರು

ಸ್ಪೇನ್‌ನ ಫ್ರಾನ್ಸಿಸ್ಕನ್ ಪಂಥದ ಪಾದ್ರಿಗಳು 1609ರಲ್ಲಿ ಇಲ್ಲಿ ನೆಲೆ ಕಟ್ಟಿದರು. ಆ ಹಳೆಯ ಊರು ಈಗಿಲ್ಲ. 1735ರ ಡಿಸೆಂಬರ್ 27ರಂದು ಎದ್ದ ದೈತ್ಯ ಅಲೆ ಇಡೀ ಊರನ್ನು ಕೊಚ್ಚಿಕೊಂಡು ಹೋಯಿತು. ಹತ್ತಿರದ ಎರ್ಮಿತಾ ಗುಡ್ಡವನ್ನು ಹತ್ತಿದ ಕೆಲವೇ ಕುಟುಂಬಗಳು ಉಳಿದುಕೊಂಡವು. ಬದುಕುಳಿದವರು ಊರನ್ನು ಈಗಿನ ಜಾಗದಲ್ಲಿ ಮತ್ತೆ ಕಟ್ಟಿದರು. ಅಂದು ಪ್ರಾಣ ಹಿಡಿದುಕೊಂಡು ಗುಡ್ಡ ಹತ್ತಿದವರ ನೆನಪಿಗೆ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಗುಡ್ಡದ ಮೇಲೆ ನಿಂತರೆ ಇಡೀ ಕೊಲ್ಲಿ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ.

ಚರ್ಚಿನೊಳಗೆ 337 ದಿನ

ಮುನ್ನೂರು ವರ್ಷಕ್ಕೂ ಮಿಕ್ಕಿದ ಸ್ಪೇನ್ ಆಳ್ವಿಕೆಯ ವಿರುದ್ಧ ಫಿಲಿಪಿನೋಗಳು 1896ರಲ್ಲಿ ದಂಗೆಯೆದ್ದರು. 1898ರ ಜೂನ್ 12ರಂದು ಎಮಿಲಿಯೋ ಅಗಿನಾಲ್ಡೊ ಸ್ವಾತಂತ್ರ್ಯ ಘೋಷಿಸಿದ. ಆ ಹೊತ್ತಿಗೆ ಬಲೇರ್‌ನಲ್ಲಿದ್ದುದು ಸ್ಪೇನ್‌ನ ಐವತ್ತು ಚಿಲ್ಲರೆ ಸೈನಿಕರ ಒಂದು ತುಕಡಿ. ಊರವರು ಮನೆ ಬಿಟ್ಟು ಹೋಗತೊಡಗಿದಾಗ ಸೈನಿಕರಿಗೆ ಅಪಾಯದ ವಾಸನೆ ಬಡಿಯಿತು. ಊರಿನಲ್ಲಿದ್ದ ಗಟ್ಟಿ ಕಟ್ಟಡವೆಂದರೆ ಚರ್ಚ್ ಮಾತ್ರ. ಅಕ್ಕಿ, ಹಿಟ್ಟು, ಡಬ್ಬಿ ಆಹಾರ, ಮದ್ದುಗುಂಡು ತುಂಬಿಕೊಂಡು ಅವರು ಅದರೊಳಗೆ ಸೇರಿದರು. ಅಂಗಳದಲ್ಲಿ ಬಾವಿ ತೋಡಿದರು. ಜುಲೈ 1ರಂದು ಮುತ್ತಿಗೆ ಶುರುವಾಯಿತು.

ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಬೆರಿಬೆರಿ ರೋಗ. ತಾಜಾ ಆಹಾರವಿಲ್ಲದೆ, 'ಬಿ-1' ಜೀವಸತ್ವದ ಕೊರತೆಯಿಂದ ಕೈಕಾಲು ಊದಿ ಒಬ್ಬೊಬ್ಬರೇ ಸತ್ತರು. ನವೆಂಬರ್ ಹೊತ್ತಿಗೆ ತುಕಡಿಯ ಮುಖ್ಯಸ್ಥ ಕ್ಯಾಪ್ಟನ್ ಎನ್ರಿಕೆ ದೆ ಲಾಸ್ ಮೊರೇನಾಸ್ ಕೂಡ ಕಣ್ಣು ಮುಚ್ಚಿದ. ಹೊಣೆ ಹೊತ್ತವನು ಲೆಫ್ಟಿನೆಂಟ್ ಸತುರ್ನಿನೊ ಮಾರ್ತಿನ್ ಸೆರೆಸೊ. ಡಿಸೆಂಬರ್‌ನಲ್ಲಿ ಸೈನಿಕರು ಇದ್ದಕ್ಕಿದ್ದಂತೆ ಹೊರಗೆ ನುಗ್ಗಿ, ಚರ್ಚಿನ ಸುತ್ತಲಿನ ಮನೆಗಳಿಗೆ ಬೆಂಕಿ ಇಟ್ಟು, ಸೊಪ್ಪು, ಕುಂಬಳ, ಕಿತ್ತಳೆ ಬಾಚಿಕೊಂಡು ಒಳಸೇರಿದರು. ಅದರಿಂದ ರೋಗ ಸ್ವಲ್ಪ ಹಿಂಜರಿಯಿತು. ಆದರೆ ಸುಟ್ಟುಹೋದದ್ದು ಬಡ ಊರಿನವರ ಮನೆಗಳು ಎಂಬುದನ್ನೂ ಮರೆಯುವಂತಿಲ್ಲ.

ವಿಪರ್ಯಾಸ ನೋಡಿ. ಅದೇ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಒಪ್ಪಂದವಾಗಿ, ಎರಡು ಕೋಟಿ ಡಾಲರ್ ಪಡೆದು ಸ್ಪೇನ್ ಈ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತ್ತು. ಚರ್ಚಿನೊಳಗಿನವರು ಕಾಯುತ್ತಿದ್ದ ಸಾಮ್ರಾಜ್ಯವೇ ಅಲ್ಲಿರಲಿಲ್ಲ! ಫಿಲಿಪಿನೋಗಳು ಪತ್ರ ಬರೆದರು, ಪಾದ್ರಿಗಳನ್ನು ಕಳಿಸಿದರು. ಸ್ವತಃ ಸ್ಪೇನ್‌ನ ಅಧಿಕಾರಿಗಳು ಬಂದು ಯುದ್ಧ ಮುಗಿಯಿತೆಂದರು. ಸೆರೆಸೊ ನಂಬಲಿಲ್ಲ. ಎಲ್ಲವೂ ಶತ್ರುವಿನ ತಂತ್ರವೆಂದೇ ಅವನ ವಾದ. 1899ರ ಏಪ್ರಿಲ್‌ನಲ್ಲಿ ಇವರನ್ನು ಬಿಡಿಸಲೆಂದು ಅಮೆರಿಕದ 'ಯಾರ್ಕ್‌ಟೌನ್' ಯುದ್ಧನೌಕೆ ಬಂತು. ಅದು ಕಳಿಸಿದ ದೋಣಿಯ ಮೇಲೆ ಫಿಲಿಪಿನೋಗಳು ಗುಂಡು ಹಾರಿಸಿದರು. ಬದುಕುಳಿದ ನಾವಿಕರು ಸೆರೆಯಾದರು.

ಮೇ ತಿಂಗಳ ಕೊನೆಗೆ ಬಂದ ಸ್ಪೇನ್‌ನ ಮತ್ತೊಬ್ಬ ಸೇನಾಧಿಕಾರಿ ಒಂದು ಕಟ್ಟು ಪತ್ರಿಕೆಗಳನ್ನು ಬಿಟ್ಟುಹೋದ. ಅವೂ ನಕಲಿ ಎಂದು ಸೆರೆಸೊ ಪಕ್ಕಕ್ಕಿಟ್ಟ. ತುತ್ತಿಗೂ ತತ್ವಾರವಾಗಿ, ಕಾಡಿನ ಮೂಲಕ ತಪ್ಪಿಸಿಕೊಳ್ಳುವ ಯೋಚನೆಯಲ್ಲಿದ್ದಾಗ ಮತ್ತೊಮ್ಮೆ ಪತ್ರಿಕೆ ತಿರುವಿದ. ಮ್ಯಾಡ್ರಿಡ್‌ನ 'ಎಲ್ ಇಂಪಾರ್ಸಿಯಲ್' ಪತ್ರಿಕೆಯ ಒಂದು ಚಿಕ್ಕ ಸುದ್ದಿ ಕಣ್ಣಿಗೆ ಬಿತ್ತು: ಒಬ್ಬ ಸೇನಾಧಿಕಾರಿಗೆ ಮಾಲಗಾ ನಗರಕ್ಕೆ ವರ್ಗಾವಣೆ. ಆ ಅಧಿಕಾರಿ ಸೆರೆಸೊನ ಆಪ್ತ ಗೆಳೆಯ. ಯುದ್ಧ ಮುಗಿದ ಮೇಲೆ ಮಾಲಗಾಕ್ಕೆ ವರ್ಗಾವಣೆ ಕೇಳುತ್ತೇನೆಂದು ಅವನು ಸೆರೆಸೊನಿಗೆ ಹಿಂದೆಯೇ ಖಾಸಗಿಯಾಗಿ ಹೇಳಿದ್ದ. ಈ ಸಂಗತಿ ಯಾವ ಫಿಲಿಪಿನೋಗೂ ತಿಳಿದಿರಲು ಸಾಧ್ಯವಿರಲಿಲ್ಲ. ಹಾಗಾದರೆ ಪತ್ರಿಕೆ ನಿಜ. ಯುದ್ಧ ಮುಗಿದದ್ದೂ ನಿಜ.

1899ರ ಜೂನ್ 2ರಂದು, 337 ದಿನಗಳ ಬಳಿಕ, ಚರ್ಚಿನ ಮೇಲೆ ಬಿಳಿ ಬಾವುಟ ಏರಿತು. ಅದರ ಹಿಂದಿನ ದಿನವಷ್ಟೇ, ಓಡಿಹೋಗಲು ಯತ್ನಿಸಿದ್ದ ತನ್ನದೇ ತಂಡದ ಇಬ್ಬರನ್ನು ಸೆರೆಸೊ ಗುಂಡಿಕ್ಕಿ ಕೊಲ್ಲಿಸಿದ್ದ. ಆ ಸುದ್ದಿ ಎರಡು ದಿನ ಮುಂಚೆ ಕಣ್ಣಿಗೆ ಬಿದ್ದಿದ್ದರೆ?

ಸೋತವರಿಗೆ ಸ್ನೇಹಹಸ್ತ

ಇನ್ನು ಮುಂದಿನದು ಗೆದ್ದವರ ಕಥೆ. ಹನ್ನೊಂದು ತಿಂಗಳು ತಮ್ಮ ಮೇಲೆ ಗುಂಡು ಹಾರಿಸಿದವರನ್ನು ಫಿಲಿಪಿನೋಗಳು ಏನು ಮಾಡಬಹುದಿತ್ತು? ಅಗಿನಾಲ್ಡೊ ಆಗ ಅಮೆರಿಕದ ಸೇನೆಯೊಂದಿಗೆ ಹೋರಾಡುತ್ತಿದ್ದ. ಅವನ ಗಣರಾಜ್ಯವೇ ಅಳಿವಿನಂಚಿನಲ್ಲಿತ್ತು. ಅಂಥ ಹೊತ್ತಿನಲ್ಲಿ, ಜೂನ್ 30ರಂದು, ಅವನು ಒಂದು ಆಜ್ಞೆ ಹೊರಡಿಸಿದ. ಇವರನ್ನು ಯುದ್ಧಕೈದಿಗಳೆಂದು ಅಲ್ಲ, ಸ್ನೇಹಿತರೆಂದು ಕಾಣಬೇಕು. ಊರಿಗೆ ಮರಳಲು ರಹದಾರಿ ಕೊಡಬೇಕು ಎಂಬುದು ಅದರ ಸಾರಾಂಶ. ಉಳಿದಿದ್ದ ಮೂವತ್ತಕ್ಕೂ ಹೆಚ್ಚು ಸೈನಿಕರು ಸೆಪ್ಟೆಂಬರ್ 1ರಂದು ಬಾರ್ಸಿಲೋನಾ ತಲುಪಿದರು.

ಸ್ಪೇನ್‌ನಲ್ಲಿ ಇವರು ವೀರರಾದರು. 1945ರಲ್ಲಿ ಅಲ್ಲಿ ಇವರ ಬಗ್ಗೆ ಚಲನಚಿತ್ರ ಬಂತು, 2016ರಲ್ಲಿ ಇನ್ನೊಂದು. ಮುತ್ತಿಗೆ ಹಾಕಿದವರ ಹೆಸರು ಮಾತ್ರ ಹೊರಗಿನವರಿಗೆ ಅಷ್ಟಾಗಿ ತಿಳಿಯಲಿಲ್ಲ. ಫಿಲಿಪ್ಪೀನ್ಸ್‌ನಲ್ಲೇ ತಯಾರಾದ 'ಬಲೇರ್' ಚಿತ್ರ ತೆರೆಗೆ ಬಂದದ್ದು 2008ರಲ್ಲಿ. ಅದಕ್ಕೆ ಮುನ್ನ, 2003ರಲ್ಲಿ, ಫಿಲಿಪ್ಪೀನ್ಸ್ ಸಂಸತ್ತು ಕಾನೂನು ಮಾಡಿ ಜೂನ್ 30ನ್ನು ಫಿಲಿಪ್ಪೀನ್ಸ್-ಸ್ಪೇನ್ ಸ್ನೇಹ ದಿನವೆಂದು ಸಾರಿತು. ಆಳಿದವರು ಮತ್ತು ಆಳಿಸಿಕೊಂಡವರ ನಡುವೆ ಇಂಥ ಆಚರಣೆ ಅಪರೂಪ.

ಅಧ್ಯಕ್ಷರ ತವರು, ಅಲೆಗಳ ಆಟ

ಬಲೇರ್‌ಗೆ ಇನ್ನೊಂದು ಹೆಮ್ಮೆಯಿದೆ. 1935ರಲ್ಲಿ ಫಿಲಿಪ್ಪೀನ್ಸ್ ಕಾಮನ್‌ವೆಲ್ತ್‌ನ ಅಧ್ಯಕ್ಷರಾದ ಮ್ಯಾನುಯೆಲ್ ಕೆಸೋನ್ ಹುಟ್ಟಿದ್ದು ಇಲ್ಲೇ, 1878ರಲ್ಲಿ, ಶಾಲಾ ಶಿಕ್ಷಕ ದಂಪತಿಯ ಮಗನಾಗಿ. ಅವರ ಪತ್ನಿ ಅರೋರಾ ಕೂಡ ಇದೇ ಊರಿನವರು. 1949ರಲ್ಲಿ, ಪತಿಯ ಹೆಸರಿನ ಆಸ್ಪತ್ರೆಯ ಉದ್ಘಾಟನೆಗೆಂದು ಬಲೇರ್‌ಗೆ ಬರುತ್ತಿದ್ದಾಗ ಶಸ್ತ್ರಧಾರಿಗಳು ದಾರಿಯಲ್ಲಿ ಹೊಂಚುಹಾಕಿ ಅವರನ್ನು ಕೊಂದರು. ಬಲೇರ್ ರಾಜಧಾನಿಯಾಗಿರುವ ಪ್ರಾಂತ್ಯಕ್ಕೆ ಅರೋರಾ ಎಂದೇ ಹೆಸರು.

ಇಂದು ಇಲ್ಲಿಗೆ ಬರುವ ಯುವಜನರಲ್ಲಿ ಅನೇಕರನ್ನು ಸೆಳೆಯುವುದು ಸರ್ಫಿಂಗ್. ವಿಯೆಟ್ನಾಂ ಯುದ್ಧದ ಕಥೆಯುಳ್ಳ 'ಅಪೊಕ್ಯಾಲಿಪ್ಸ್ ನೌ' ಚಿತ್ರದ ಅಲೆಯಾಟದ ದೃಶ್ಯಗಳನ್ನು 1976ರಲ್ಲಿ ಬಲೇರ್‌ನಲ್ಲಿ ಚಿತ್ರೀಕರಿಸಲಾಯಿತು. ತಂಡದವರು ಬಿಟ್ಟುಹೋದ ಹಲಗೆಗಳಲ್ಲಿ ಊರ ಹುಡುಗರು ಆಟ ಕಲಿತರೆಂದು ಇಲ್ಲಿನವರು ಹೇಳುತ್ತಾರೆ. ಈಶಾನ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಸಬಾಂಗ್ ಕಡಲತೀರದ ತುಂಬ ಹಲಗೆಗಳೇ. ನೀರಿಗಿಳಿಯಲು ಅಂಜುವವರಿಗೆ ನೆರೆಯ ಸಾನ್ ಲೂಯಿಸ್‌ನಲ್ಲಿ ದಿತುಮಾಬೊ ಜಲಪಾತವಿದೆ. ಮರಿಯಾ ಅರೋರಾದಲ್ಲಿ, ಬೇರುಗಳ ನಡುವೆ ಮನುಷ್ಯರು ನುಸುಳಿ ಹೋಗಬಹುದಾದ, ಶತಮಾನಗಳಷ್ಟು ಹಳೆಯ ದೈತ್ಯ ಬಲೀತೆ ಮರವಿದೆ; ನಮ್ಮ ಆಲದ ಜಾತಿಯದೇ.

ಆದರೆ ನೋಡಲೇಬೇಕಾದದ್ದು ಆ ಚರ್ಚ್. ಈಗಿರುವುದು 1939ರಲ್ಲಿ ಮತ್ತೆ ಕಟ್ಟಿದ ಸರಳ ಕಟ್ಟಡ. ವಾಸ್ತುವೈಭವ ಹುಡುಕಿ ಹೋದವರಿಗೆ ನಿರಾಶೆಯಾದೀತು. ಅದರ ಮುಂದೆ ನಿಂತಾಗ ನೆನಪಾಗಬೇಕಾದದ್ದು ಎರಡು ಸಂಗತಿ: ಸತ್ಯ ಕಣ್ಣೆದುರಿಗಿದ್ದರೂ ನಂಬಲಾಗದ ಮನುಷ್ಯ, ಮತ್ತು ಸೋತ ಅವನನ್ನು ಸ್ನೇಹಿತನೆಂದು ಕರೆದು ಮನೆಗೆ ಕಳಿಸಿದ ಜನ. ಮೊದಲನೆಯದನ್ನು ಯಾವ ಯುದ್ಧದಲ್ಲಾದರೂ ಕಾಣಬಹುದು. ಎರಡನೆಯದನ್ನು ಕಾಣಲು ಬಲೇರ್‌ಗೇ ಹೋಗಬೇಕು.