ತಡ ಮಾಡಿದ್ದು ಯಾರು?

ಕಟ್ಟಡದ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ: ಇಂಥ ತಾರೀಖಿಗೆ ಕೆಲಸ ಮುಗಿಸದಿದ್ದರೆ ವಾರಕ್ಕೆ ಇಷ್ಟು ದಂಡ. ಓದಿದರೆ ಗೊಂದಲವೇ ಇಲ್ಲ ಅನ್ನಿಸುತ್ತೆ. ಆದರೆ ಕೆಲಸ ಮಾಡೋ ಜಾಗವನ್ನೇ ಮಾಲೀಕ ತಡವಾಗಿ ಬಿಟ್ಟುಕೊಟ್ಟರೆ?

ಈ ಪ್ರಶ್ನೆ 1838ರಲ್ಲೇ ಇಂಗ್ಲೆಂಡಿನ ಕೋರ್ಟಿಗೆ ಬಂದಿತ್ತು. ಕೇಸಿನ ಹೆಸರು ಹೋಮ್ ವರ್ಸಸ್ ಗಪ್ಪಿ. ಲಿವರ್‌ಪೂಲ್‌ನಲ್ಲಿ ಒಂದು ಬ್ರೂವರಿಯ ಮರಗೆಲಸ. ನಾಲ್ಕೂವರೆ ತಿಂಗಳಲ್ಲಿ ಮುಗಿಸಬೇಕು, ತಪ್ಪಿದರೆ ವಾರಕ್ಕೆ 40 ಪೌಂಡ್ ಕಡಿತ. ಆದರೆ ನಾಲ್ಕು ವಾರ ಜಾಗವೇ ಕೈಗೆ ಸಿಗಲಿಲ್ಲ. ಆಮೇಲೆ ಮಾಲೀಕರ ಕಡೆಯ ಬೇರೆ ಕೆಲಸಗಾರರಿಂದ ಇನ್ನೂ ನಾಲ್ಕು ವಾರ ಹೋಯಿತು. ಬಡಗಿಗಳ ಆಳುಗಳಿಂದ ತಡವಾಗಿದ್ದು ಒಂದು ವಾರ.

ಹಾಗಾದರೆ ಆ ಒಂದು ವಾರದ ದಂಡವನ್ನಾದರೂ ಹಿಡಿದುಕೊಳ್ಳಬಹುದಿತ್ತಲ್ಲ? ಕೋರ್ಟ್ ಅದಕ್ಕೂ ಒಪ್ಪಲಿಲ್ಲ. ಹಳೇ ಗಡುವನ್ನು ಮಾಲೀಕರೇ ಕೆಡಿಸಿದ್ದರು. ಹೊಸ ಗಡುವಿಗೆ ಬಡಗಿಗಳು ಒಪ್ಪಿಯೇ ಇರಲಿಲ್ಲ. ತಾರೀಖೇ ಇಲ್ಲದ ಮೇಲೆ ದಂಡವನ್ನು ಎಲ್ಲಿಂದ ಎಣಿಸೋದು?

ನಮ್ಮ 1872ರ ಕರಾರು ಕಾಯ್ದೆಯಲ್ಲೂ ಇದಕ್ಕೆ ಹತ್ತಿರದ ಮಾತಿದೆ. ಕೆಲಸ ಮಾಡಲು ತಯಾರಿದ್ದವನನ್ನು ಎದುರು ಪಾರ್ಟಿಯೇ ತಡೆದರೆ, ಅವನು ಕರಾರಿನಿಂದ ಹೊರಬರಬಹುದು, ನಷ್ಟವನ್ನೂ ಕೇಳಬಹುದು ಅನ್ನುತ್ತೆ ಸೆಕ್ಷನ್ 53.

ಕರಾರುಗಳಲ್ಲಿ ಅವಧಿ ವಿಸ್ತರಣೆಯ ಷರತ್ತು ಇರೋದು ಇದಕ್ಕೇ. ನೋಡೋಕೆ ಅದು ಕಂಟ್ರಾಕ್ಟರ್‌ಗೆ ತೋರಿಸಿದ ದಯೆ ಥರ ಕಾಣುತ್ತೆ. ನಿಜಕ್ಕೂ ಅದು ಮಾಲೀಕರನ್ನೂ ಕಾಯುತ್ತೆ. ತನ್ನಿಂದಾದ ತಡಕ್ಕೆ ತಕ್ಕಂತೆ ಗಡುವನ್ನು ಮುಂದೆ ಹಾಕಿದರೆ ದಂಡದ ಹಕ್ಕು ಉಳಿಯುತ್ತೆ.

ಇದನ್ನು ಮರೆತರೆ ಏನಾಗುತ್ತೆ ಅನ್ನೋದಕ್ಕೆ ಮತ್ತೆ ಲಿವರ್‌ಪೂಲೇ ಸಾಕ್ಷಿ. 1960ರ ದಶಕದಲ್ಲಿ ಅಲ್ಲಿನ ಕಾರ್ಪೊರೇಷನ್ ಕಟ್ಟಿಸುತ್ತಿದ್ದ ಬಹುಮಹಡಿ ಕಟ್ಟಡದ ಪೈಲಿಂಗ್‌ನಲ್ಲಿ ದೋಷ ಸಿಕ್ಕಿತು. ತಪ್ಪು ಸಬ್ ಕಂಟ್ರಾಕ್ಟರ್‌ದೇ. ಆದರೆ ರಿಪೇರಿಗೆ ಒಪ್ಪಿಗೆ ಕೊಡೋದನ್ನ ಕಾರ್ಪೊರೇಷನ್ ಎಳೆದಾಡಿತು. ಕೆಲಸ 58 ವಾರ ನಿಂತಿತು. ತಾನೇ ಮಾಡಿದ ತಡಕ್ಕೆ ಗಡುವು ವಿಸ್ತರಿಸುವ ಅವಕಾಶ ಅದರ ಕರಾರಿನಲ್ಲಿ ಇರಲಿಲ್ಲ. ಹಾಗಾಗಿ ವಾರದ ಲೆಕ್ಕದ ದಂಡ ನಿಲ್ಲೋದಿಲ್ಲ ಎಂದು 1970ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು.

ಇದರರ್ಥ ಕೆಲಸ ಮಾಡುವವನು ಎಷ್ಟು ಬೇಕಾದರೂ ಎಳೆಯಬಹುದು ಅಂತಲ್ಲ. ಗಡುವು ಬಿದ್ದುಹೋದರೂ ಸಮಂಜಸ ಅವಧಿಯಲ್ಲಿ ಮುಗಿಸಲೇಬೇಕು. ಅದೂ ಮೀರಿದರೆ ಮಾಲೀಕ ತನಗಾದ ನಷ್ಟವನ್ನು ಸಾಬೀತು ಮಾಡಿ ಕೇಳಬಹುದು.

ರಿಕ್ವೈರ್‌ಮೆಂಟ್ ಕೊಡದೆ ಡೆಡ್‌ಲೈನ್ ಕೇಳುವ ಕ್ಲೈಂಟ್‌ಗಳನ್ನು ಕಂಡ ನಮಗೆ ಈ ನ್ಯಾಯ ತಕ್ಷಣ ಅರ್ಥವಾಗುತ್ತೆ. ಆದರೆ ಕೋರ್ಟಿನಲ್ಲಿ ಅರ್ಥವಾದರೆ ಸಾಲದು, ತೋರಿಸಬೇಕು. ಜಾಗ ಯಾವತ್ತು ಸಿಕ್ಕಿತು, ಡ್ರಾಯಿಂಗ್ ಯಾವತ್ತು ಬಂತು ಅಂತ ಬರೆದಿಡದ ಮೇಸ್ತ್ರಿಯ ಬಿಲ್ಲಿನಲ್ಲಿ, ಬೇರೆಯವರು ಮಾಡಿದ ತಡವೂ ಅವನದೇ ಲೆಕ್ಕಕ್ಕೆ ಸೇರಿಬಿಡುತ್ತೆ.