ಕಾರ್ಟ್‌ಮೆಲ್‌ನ ಒಂದು ಮನೆ, ‘ಉಳಿಸು’ ಎಂಬ ಒಂದು ಮಾತು

ಇಂಗ್ಲೆಂಡಿನ ವಾಯವ್ಯಕ್ಕೆ, ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳ ದಕ್ಷಿಣದಲ್ಲಿ ಕಾರ್ಟ್‌ಮೆಲ್ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಹಳೆಯ ಪಾದ್ರಿಮನೆಯ ಆವರಣದಲ್ಲಿ ಹೊಸ ಪಾದ್ರಿಮನೆಯೊಂದನ್ನು ಕಟ್ಟಲು ಚರ್ಚಿನ ಮಂಡಳಿ ಅನುಮತಿ ಕೇಳಿತು. ಸ್ಥಳೀಯ ಕೌನ್ಸಿಲ್ ವಿರೋಧಿಸಿತು. ಒಂದು ಮನೆಯ ಈ ತಕರಾರು ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 1992ರಲ್ಲಿ ತೀರ್ಮಾನವಾಯಿತು. ವ್ಯಾಜ್ಯ ನಿಂತಿದ್ದು ಒಂದು ಕ್ರಿಯಾಪದದ ಮೇಲೆ: ಊರನ್ನು ‘ಉಳಿಸುವುದು’ ಎಂದರೇನು?

ಕಾರ್ಟ್‌ಮೆಲ್ ಸಂರಕ್ಷಿತ ಪ್ರದೇಶ. 1967ಕ್ಕೆ ಮೊದಲು ಇಂಗ್ಲೆಂಡಿನ ಕಾನೂನು ಕಾಯುತ್ತಿದ್ದುದು ಮುಖ್ಯವಾಗಿ ಬಿಡಿ ಕಟ್ಟಡಗಳನ್ನು. ಸಂಸದ ಡಂಕನ್ ಸ್ಯಾಂಡಿಸ್ ಮಂಡಿಸಿದ ಸಿವಿಕ್ ಅಮೆನಿಟೀಸ್ ಕಾಯ್ದೆ ಆ ವರ್ಷ ಜಾರಿಯಾದ ಮೇಲೆ ಬೀದಿ, ಚೌಕ, ಮರ, ಗೋಡೆಗಳೆಲ್ಲ ಸೇರಿದ ಇಡೀ ಪ್ರದೇಶಕ್ಕೇ ರಕ್ಷಣೆ ಸಿಕ್ಕಿತು. ಮೊದಲ ಗೌರವ ಸ್ಟ್ಯಾಮ್‌ಫರ್ಡ್ ಪಟ್ಟಣಕ್ಕೆ. ಇಂದು ಇಂಗ್ಲೆಂಡಿನಲ್ಲಿ ಇಂಥ ಸುಮಾರು 10,000 ಪ್ರದೇಶಗಳಿವೆ. ಅಲ್ಲಿ ಕಟ್ಟಡ ಕೆಡವಲು ಅನುಮತಿ ಬೇಕು, ಮರ ಕಡಿಯಲು ಸಾಮಾನ್ಯವಾಗಿ ಆರು ವಾರ ಮೊದಲೇ ತಿಳಿಸಬೇಕು.

ಕಾನೂನಿನ ಪ್ರಕಾರ ಇಂಥ ಪ್ರದೇಶದ ‘ಸ್ವಭಾವವನ್ನು ಅಥವಾ ಚಹರೆಯನ್ನು’ ಉಳಿಸಬೇಕು, ಇಲ್ಲವೇ ಉತ್ತಮಪಡಿಸಬೇಕು. ಕನ್ನಡದ ‘ಉಳಿಸು’ ‘ಉಳಿ’ಯ ಪ್ರೇರಣಾರ್ಥಕ ರೂಪ, ಉಳಿಯುವಂತೆ ಮಾಡು ಎಂದು ಅದರ ಅರ್ಥ, ಅಂದರೆ ಯಾರೋ ಏನನ್ನೋ ಮಾಡಬೇಕು. ಕೌನ್ಸಿಲಿನ ವಾದವೂ ಹೆಚ್ಚುಕಡಿಮೆ ಹೀಗೇ ಇತ್ತು: ಹೊಸ ಕಟ್ಟಡ ಊರಿಗೆ ಏನಾದರೂ ಒಳಿತು ಮಾಡಬೇಕು, ಹಾನಿ ಮಾಡದಿದ್ದರೆ ಮಾತ್ರ ಸಾಲದು. ಲಾರ್ಡ್ ಬ್ರಿಡ್ಜ್ ಒಪ್ಪಲಿಲ್ಲ. ಕೆಡಿಸದೆ ಬಿಟ್ಟರೂ ಉಳಿಸಿದಂತೆಯೇ ಎಂದು ತೀರ್ಪಾಯಿತು. ಕೌನ್ಸಿಲ್ ಸೋತಿತು. ಆ ವ್ಯಾಖ್ಯಾನವೇ ಇಂದಿಗೂ ಇಂಗ್ಲೆಂಡಿನ ಎಲ್ಲ ಸಂರಕ್ಷಿತ ಪ್ರದೇಶಗಳಿಗೆ ಅನ್ವಯಿಸುತ್ತದೆ.

ಕಾರ್ಟ್‌ಮೆಲ್‌ನ ಇತಿಹಾಸವನ್ನು ನೋಡಿದರೆ ಈ ತೀರ್ಪು ಆ ಊರಿಗೇ ಹೇಳಿಮಾಡಿಸಿದಂತಿದೆ. ಊರಿನ ಹೃದಯವಾದ ಮಠವನ್ನು 1190ರ ಸುಮಾರಿಗೆ ವಿಲಿಯಂ ಮಾರ್ಷಲ್ ಸ್ಥಾಪಿಸಿದ. ಅದರ ಚರ್ಚಿನ ಗೋಪುರ ವಿಚಿತ್ರವಾದದ್ದು: ಕೆಳಗಿನ ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಕೂರಿಸಿದಂತಿದೆ. ಮೇಲಿನ ಭಾಗ ನಂತರದ ಸೇರ್ಪಡೆ. ಇಂದು ಯಾರಾದರೂ ಅಂಥ ನಕ್ಷೆ ಹಿಡಿದು ಬಂದರೆ ಯೋಜನಾಧಿಕಾರಿ ಹೌಹಾರಿಯಾನು. ಆದರೆ ಊರಿನ ಗುರುತೇ ಅದು.

ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಕಾರ್ಟ್‌ಮೆಲ್ ಪ್ರತಿಭಟಿಸಿತು. 1537ರಲ್ಲಿ ಕೆಲವು ಸನ್ಯಾಸಿಗಳನ್ನೂ ಹಳ್ಳಿಗರನ್ನೂ ಗಲ್ಲಿಗೇರಿಸಿದರು. ಮಠದ ಉಳಿದ ಕಟ್ಟಡಗಳಲ್ಲಿ ಹೆಚ್ಚಿನವು ಹೋದವು, ಚರ್ಚು ಉಳಿಯಿತು. ಕಾರಣ ಅದರ ಸೌಂದರ್ಯವಲ್ಲ. ಒಳಗಿನ ಒಂದು ಬಲಿಪೀಠ ಹಳ್ಳಿಗರ ಪೂಜೆಗೆ ಸೇರಿದ್ದಾಗಿತ್ತು, ಅದನ್ನು ಕೆಡವಿದರೆ ಊರಿಗೆ ಬೇರೆ ಚರ್ಚು ಇರಲಿಲ್ಲ. ಚರ್ಚಿನ ಬಹುಭಾಗ ದಶಕಗಳ ಕಾಲ ಚಾವಣಿಯಿಲ್ಲದೆ ನಿಂತಿತು. 1618ರಲ್ಲಿ ಪಕ್ಕದ ಹೋಕರ್‌ನ ಜಮೀನ್ದಾರ ಜಾರ್ಜ್ ಪ್ರೆಸ್ಟನ್ ಅದನ್ನು ದುರಸ್ತಿ ಮಾಡಿಸಲು ಮುಂದಾದ. ಕಟ್ಟಡವನ್ನು ಕಾಪಾಡಿದ್ದು ಅದರ ಬಳಕೆ.

ಕಾನೂನು ಎಡವುವುದು ಇಲ್ಲಿಯೇ. ಚಹರೆಯನ್ನು ಅಳೆಯಬಹುದು: ಕಲ್ಲು, ಕಿಟಕಿ, ಚಾವಣಿಯ ಇಳಿಜಾರು. ಸ್ವಭಾವ ಹುಟ್ಟುವುದು ಊರವರು ಅಲ್ಲಿ ಮಾಡುವ ಕೆಲಸದಿಂದ. ಕಾರ್ಟ್‌ಮೆಲ್‌ನ ಹಳೆಯ ಕುಲುಮೆಯ ಕಟ್ಟಡ ಈಗಲೂ ನಿಂತಿದೆ. 2002ರಲ್ಲಿ ಅಲ್ಲಿ ‘ಲಾಂಕ್ಲೂಮ್’ ಎಂಬ ರೆಸ್ಟೋರೆಂಟ್ ತೆರೆಯಿತು. 2022ರಲ್ಲಿ ಅದಕ್ಕೆ ಮಿಶೆಲಿನ್‌ನ ಮೂರು ತಾರೆಗಳು ಬಂದವು. ಆ ಫ್ರೆಂಚ್ ಪದಕ್ಕೆ ಕಮ್ಮಾರನ ಅಡೆಗಲ್ಲು ಎಂದರ್ಥ. ಗೋಡೆ ಉಳಿದಿದೆ, ಹೆಸರೂ ನೆನಪಿಟ್ಟುಕೊಂಡಿದೆ, ಕಬ್ಬಿಣ ಬಡಿಯುವ ಸದ್ದು ಮಾತ್ರ ಇಲ್ಲ. ಇದನ್ನು ಹಾನಿ ಎನ್ನುವುದೂ ಕಷ್ಟ: ಖಾಲಿ ಬಿದ್ದ ಕುಲುಮೆಗಿಂತ ಒಲೆ ಉರಿಯುವ ಅಡುಗೆಮನೆ ಮೇಲು. ಆದರೆ ದೂರದಿಂದ ಊಟಕ್ಕೆ ಬರುವವರ ಊರಿನಲ್ಲಿ ಅಲ್ಲೇ ದುಡಿಯುವವನಿಗೆ ಮನೆ ಸಿಗುತ್ತದೆಯೇ ಎಂದು ಸಂರಕ್ಷಣಾ ಕಾನೂನು ಕೇಳುವುದಿಲ್ಲ.

ಆ ಪ್ರಶ್ನೆಯ ಮುಂದೆ 1992ರ ವ್ಯಾಜ್ಯವನ್ನು ಮತ್ತೊಮ್ಮೆ ನೋಡಬೇಕು. ಅಲ್ಲಿ ಕೇಳಿದ್ದು ಪ್ರವಾಸಿಗಳಿಗೆ ಅಂಗಡಿಯಲ್ಲ, ಊರಿನಲ್ಲೇ ಇದ್ದು ಆ ಪುರಾತನ ಚರ್ಚನ್ನು ನಡೆಸುವ ಪಾದ್ರಿಗೆ ವಾಸದ ಮನೆ. ಬಳಕೆಯಿಂದಲೇ ಬದುಕುಳಿದ ಚರ್ಚಿನ ಊರಿನಲ್ಲಿ, ಆ ಬಳಕೆ ಮುಂದುವರಿಯಲು ಬೇಕಾದ ಮನೆಯೇ ಊರಿನ ಸ್ವಭಾವಕ್ಕೆ ಅಪಾಯವೇ ಎಂಬ ವಿಚಾರಣೆಗೆ ಗುರಿಯಾಗಿತ್ತು.